ಮಗು ಸಾಕು ಎನ್ನುತ್ತದೆಯೇ?

ಜನವರಿ 9

ಕನ್ನಡಕದ ಅಂಗಡಿಯ ತಮ್ಮನಿಗೆ,

ಫೋನಿನಲ್ಲಿ ನಾವಿಬ್ಬರೂ ಮಾತು ಶುರು ಮಾಡಿದರೆ ಅದು ಜಗಳದಲ್ಲೇ ಮುಗಿಯುವುದು, ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಇದರ ಜೊತೆ ನಾಲ್ಕು ಹಾಳೆಯ ಒಂದು ಪ್ರಶ್ನಾವಳಿ ಇದೆ. ಹೆದರಬೇಡ, ತೆರಿಗೆಯವರದ್ದಲ್ಲ, ನಮ್ಮ ಆಫೀಸಿನದ್ದು.

ಎರಡರಿಂದ ಐದು ವರ್ಷದ ಮಕ್ಕಳು ಏನು ತಿನ್ನುತ್ತಾರೆ, ಹೇಗೆ ತಿನ್ನುತ್ತಾರೆ, ಯಾರು ತಿನ್ನಿಸುತ್ತಾರೆ ಎಂದು ಅಪ್ಪ ಅಮ್ಮಂದಿರನ್ನು ಕೇಳುವ ಸಮೀಕ್ಷೆ ಇದು. ಪ್ರಶ್ನೆ ಬರೆಯುವ ಕೆಲಸ ನನ್ನ ತಲೆಗೆ ಬಿದ್ದಿದೆ. ಇದೇನು ಮಹಾ ಎಂದುಕೊಂಡೇ ಒಪ್ಪಿದ್ದೆ. ಈಗ ಒಂದೊಂದು ವಾಕ್ಯಕ್ಕೂ ಒಂದೊಂದು ಮೀಟಿಂಗು. ಡಯಟಿಷಿಯನ್‌ಗೆ 'ಸರಿಯಾಗಿ' ಎಂಬ ಪದ ಬೇಕು, ಅಂಕಿಅಂಶದವರಿಗೆ ಬೇಡ. ಲಸಿಕೆ ಹಾಕುವ ಕೋಣೆಯ ಪಕ್ಕ ನನಗೊಂದು ಪ್ಲಾಸ್ಟಿಕ್ ಕುರ್ಚಿ ಕೊಟ್ಟಿದ್ದಾರೆ. ಸೂಜಿ ಚುಚ್ಚಿಸಿಕೊಂಡು ಅಳುವ ಮಕ್ಕಳನ್ನು ಎತ್ತಿಕೊಂಡು ಬಂದವರ ಮೇಲೆ ನನ್ನ ಪ್ರಶ್ನೆಗಳ ಪ್ರಯೋಗ ನಡೆಯುತ್ತದೆ. ಮೊನ್ನೆ ಒಬ್ಬಾಕೆ "ಏನೂ ತಿನ್ನಲ್ಲ ಮೇಡಂ, ಏನೇನೂ ತಿನ್ನಲ್ಲ" ಎಂದು ಕಣ್ಣೊರೆಸಿಕೊಂಡರು. ಅವರ ಮಗ ಪಕ್ಕದಲ್ಲೇ ನಿಂತು ಎರಡನೇ ಬನ್ನು ಮುಗಿಸುತ್ತಿದ್ದ. 'ನಿಮ್ಮ ಮಗು ಹೆಚ್ಚಾಗಿ ಏನನ್ನು ತಿನ್ನುತ್ತದೆ?' ಎಂಬಲ್ಲಿ ಒಬ್ಬ ತಂದೆ 'ನನ್ನ ತಲೆ' ಎಂದು ಬರೆದುಕೊಟ್ಟ. ಅದನ್ನು ಯಾವ ಗುಂಪಿಗೆ ಸೇರಿಸುವುದು ಎಂದು ಅಂಕಿಅಂಶದವರು ನನ್ನನ್ನು ಗಂಭೀರವಾಗಿ ಕೇಳಿದರು.

ನಿನ್ನ ಮನೆಯಲ್ಲೂ ಈಗ ನಾಲ್ಕೂವರೆ ವರ್ಷದವಳು ಒಬ್ಬಳಿದ್ದಾಳಲ್ಲ, ಅದಕ್ಕೆ ಕಳಿಸುತ್ತಿದ್ದೇನೆ. ಬಟಾಣಿ ನಿಮ್ಮಲ್ಲಿ ಹೊಂದಿಕೊಂಡಳೇ? ನಮ್ಮಿಬ್ಬರ ನಡುವಿನವಳು ತೀರಿಕೊಂಡಾಗ ಅವಳ ಈ ಮಗುವಿಗೆ ಹಲ್ಲು ಕೂಡ ಬಂದಿರಲಿಲ್ಲ. ಅಪ್ಪ ಅನ್ನಿಸಿಕೊಂಡವನು ಹಡಗು ಹತ್ತಿದವನು ಹತ್ತಿದ ಹಾಗೇ ಇದ್ದಾನೆ. ಮೊದಲು ಅವನ ಅಮ್ಮ ನೋಡಿಕೊಂಡರು, ಆಮೇಲೆ ಅವನ ತಂಗಿ, ಈಗ ನೀವಿಬ್ಬರು. ಬೇಸಿಗೆ ರಜೆಯವರೆಗೆ ನೋಡೋಣ, ನಿಮ್ಮಿಂದ ಆಗದಿದ್ದರೆ ನಾನು ಬಂದು ಕರೆದುಕೊಂಡು ಹೋಗುತ್ತೇನೆ ಎಂದು ಮಾತಾಗಿತ್ತು. ಆ ವಿಷಯ ಈಗ ಎತ್ತುತ್ತಿಲ್ಲ. ಪ್ರಶ್ನೆಗಳಿಗೆ ಮಾತ್ರ ಉತ್ತರ ಬರೆದು ಕಳಿಸು. ಯಾವ ಪ್ರಶ್ನೆ ಅರ್ಥವಾಗಲಿಲ್ಲವೋ ಅದರ ಪಕ್ಕ ಬೈಗುಳ ಬರೆ, ಪರವಾಗಿಲ್ಲ.

ಕಣ್ಣುರಿಯುತ್ತಿದೆ, ಇಲ್ಲಿಗೇ ನಿಲ್ಲಿಸುತ್ತೇನೆ.

ನಿನ್ನ ಅಕ್ಕ


ಜನವರಿ 28

ಪ್ರಶ್ನೆ ಕೇಳುವ ಅಕ್ಕನಿಗೆ,

ಬೆಳಿಗ್ಗೆಯಿಂದ ಸಂಜೆಯವರೆಗೆ ನಾನೂ ಪ್ರಶ್ನೆಯನ್ನೇ ಕೇಳುತ್ತೇನೆ. "ಈ ಗಾಜಲ್ಲಿ ಚೆನ್ನಾಗಿ ಕಾಣ್ಸುತ್ತಾ, ಆ ಗಾಜಲ್ಲಾ?" ಅದನ್ನು ಮುಗಿಸಿ ಮೇಲೆ ಮನೆಗೆ ಬಂದರೆ ಮೇಜಿನ ಮೇಲೆ ನಿನ್ನ ಹಾಳೆಗಳು. ಬಟಾಣಿಯನ್ನು ಮಲಗಿಸಲು ಹೋದವನು ನಾನೇ ಮೊದಲು ನಿದ್ದೆ ಹೋಗುತ್ತೇನೆ, ಹಾಗಾಗಿ ತಡವಾಯಿತು.

ಮೊದಲನೇ ಪ್ರಶ್ನೆಯಲ್ಲೇ ಎಡವಿದೆ. 'ಮಗುವಿಗೆ ನೀವು ಏನಾಗಬೇಕು? ತಾಯಿ, ತಂದೆ, ಇತರೆ.' ಮಾವ ಎನ್ನುವವನಿಗೆ ಒಂದು ಚೌಕ ಹಾಕಲು ನಿಮ್ಮ ಹಾಳೆಯಲ್ಲಿ ಜಾಗ ಸಾಲಲಿಲ್ಲವೇ? 'ಇತರೆ'ಗೆ ಗುರುತು ಹಾಕಿದೆ. ನನ್ನ ಹೆಂಡತಿ, ನಮ್ಮ ನರ್ಸಮ್ಮ, ಡ್ಯೂಟಿ ಮುಗಿಸಿ ಬಂದು ನೋಡಿ, "ಬೆಡ್‌ಶೀಟ್ ಒಗೆಯೋಳು ಯಾವ ಚೌಕಕ್ಕೆ ಬರ್ತಾಳೆ ಅಂತ ನಿಮ್ಮಕ್ಕನ್ನ ಕೇಳಿ" ಎಂದಳು. ಕೇಳಿದ್ದೇನೆ.

ಉಳಿದದ್ದೆಲ್ಲ ಸುಲಭ. ಊಟಕ್ಕೆ ಹಟ ಮಾಡುತ್ತದೆಯೇ? ಇಲ್ಲ. ತರಕಾರಿ ತೆಗೆದಿಡುತ್ತದೆಯೇ? ಇಲ್ಲ. ತಟ್ಟೆಯಲ್ಲಿ ಬಿಡುತ್ತದೆಯೇ? ಇಲ್ಲವೇ ಇಲ್ಲ, ತಟ್ಟೆ ತೊಳೆಯುವ ಕೆಲಸವೇ ಉಳಿಸುವುದಿಲ್ಲ. ನನ್ನ ಅಂಗಡಿಗೆ ಬರುವ ತಾಯಂದಿರು ಒಂದು ಮೊಟ್ಟೆ ತಿನ್ನಿಸಲು ಬೀದಿಯ ತುದಿಯವರೆಗೆ ಮಗುವಿನ ಹಿಂದೆ ಓಡುತ್ತಾರೆ. ನಮ್ಮವಳು ಬಡಿಸಿದಷ್ಟೂ ತಿಂದು ಕೂತಿರುತ್ತಾಳೆ. ಇನ್ನೂ ಬೇಕಾ ಎಂದರೆ ತಲೆ ಆಡಿಸುತ್ತಾಳೆ. ಹಾಕಿದರೆ ಅದನ್ನೂ ತಿನ್ನುತ್ತಾಳೆ.

ನಿನ್ನ ಹನ್ನೊಂದನೇ ಪ್ರಶ್ನೆ, 'ಹೊಟ್ಟೆ ತುಂಬಿದಾಗ ಮಗು ಸಾಕು ಎನ್ನುತ್ತದೆಯೇ? ಯಾವಾಗಲೂ, ಕೆಲವೊಮ್ಮೆ, ಎಂದೂ ಇಲ್ಲ.' ನಾನು 'ಎಂದೂ ಇಲ್ಲ'ಕ್ಕೆ ಗುರುತು ಹಾಕಿದೆ. ಹಾಕಿದ ಮೇಲೆ ಯೋಚನೆಗೆ ಬಂತು, ಇವಳು ಬಂದ ದಿನದಿಂದ ಆ ಪದ ಅವಳ ಬಾಯಲ್ಲಿ ಕೇಳಿದ ನೆನಪಿಲ್ಲ. ತಿಂದು ತಿಂದು ಕೊನೆಗೆ ವಾಂತಿ ಮಾಡಿಕೊಳ್ಳುತ್ತಾಳೆ. ವಾರಕ್ಕೆ ಮೂರು ನಾಲ್ಕು ಸಲವಾದರೂ ಆಗುತ್ತದೆ. ಹಾಸಿಗೆಯ ಮೇಲೆ ಪ್ಲಾಸ್ಟಿಕ್ ಶೀಟು ಹಾಕಿದ್ದೇವೆ. ವಾಂತಿ ಮಾಡಿದ ಮೇಲೆ ನಮ್ಮ ಮುಖ ನೋಡುತ್ತಾಳೆ, ಅಳುವುದಿಲ್ಲ. ಡಾಕ್ಟರು ಹೊಟ್ಟೆಯಲ್ಲಿ ಏನೂ ತೊಂದರೆ ಇಲ್ಲ, ಕಡಿಮೆ ಬಡಿಸಿ ಅಂದರು. ಕಡಿಮೆ ಬಡಿಸಿದರೆ ನಮ್ಮ ತಟ್ಟೆಗಳನ್ನು ನೋಡುತ್ತಾ ಕೂರುತ್ತಾಳೆ. ಕೊನೆಗೆ ನಮ್ಮದನ್ನೇ ಅವಳಿಗೆ ಹಾಕಿಬಿಡುತ್ತೇವೆ ಮಾರಾಯ್ತಿ.

ಇದಕ್ಕೆ ನಿನ್ನ ಹಾಳೆಯಲ್ಲಿ ಜಾಗವಿಲ್ಲ, ಆದ್ದರಿಂದ ಇಲ್ಲಿ ಬರೆದೆ.

ಇತರೆ ಚೌಕದವನು,
ನಿನ್ನ ತಮ್ಮ


ಫೆಬ್ರವರಿ 17

ಪ್ರೀತಿಯ ತಮ್ಮ,

ನಿನ್ನ ಹಾಳೆಗೆ ಎಷ್ಟು ಅಂಕ ಬಂತು ಗೊತ್ತೇ? ಇಲ್ಲಿಯವರೆಗೆ ಬಂದವುಗಳಲ್ಲೇ ಅತಿ ಹೆಚ್ಚು. ಹಟವಿಲ್ಲ, ಆರಿಸಿ ತಿನ್ನುವುದಿಲ್ಲ, ತಟ್ಟೆ ಖಾಲಿ. ನಾವು ಮಾಡಿದ ಲೆಕ್ಕದ ಪ್ರಕಾರ ನಿನ್ನ ಬಟಾಣಿ 'ಉತ್ತಮ ಆಹಾರ ಅಭ್ಯಾಸ'ದ ಮಗು. ಅಂಕಿಅಂಶದವರು ಹಾಳೆ ತೋರಿಸಿ, "ಇಂಥ ಮಗು ಇದ್ರೆ ಮನೆ ಎಷ್ಟು ನೆಮ್ಮದಿ ಅಲ್ವಾ" ಎಂದರು. ನಿನ್ನ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಆ ಸಂಜೆಯೆಲ್ಲ ನನಗೆ ನನ್ನ ಕೆಲಸದ ಮೇಲೇ ಅಸಹ್ಯವಾಯಿತು.

ತಿನ್ನದ ಮಗುವನ್ನು ಹುಡುಕುವುದು ಹೇಗೆಂದು ಮೂವತ್ತೆರಡು ಪ್ರಶ್ನೆಗಳಲ್ಲಿ ಯೋಚಿಸಿದ್ದೇವೆ. ನಿಲ್ಲಿಸಲಾರದ ಮಗುವೂ ಇರುತ್ತದೆ ಎಂಬುದು ನಮ್ಮ ಯಾರ ತಲೆಗೂ ಹೊಳೆದಿರಲಿಲ್ಲ.

ಈಗ ಅಕ್ಕನಾಗಿ ಕೇಳುತ್ತಿದ್ದೇನೆ, ಆಫೀಸಿನ ಲೆಕ್ಕಕ್ಕಲ್ಲ. ಸಾಕು ಎನ್ನುವುದಿಲ್ಲ ಸರಿ, ಬೇರೆ ಯಾವ ರೀತಿಯಲ್ಲಾದರೂ ತಿಳಿಸುತ್ತಾಳೆಯೇ? ಮುಖ ತಿರುಗಿಸುವುದು, ಬಾಯಲ್ಲೇ ಇಟ್ಟುಕೊಂಡು ಕೂರುವುದು, ಹೀಗೇನಾದರೂ? ಆಟದಲ್ಲಿ ಸಾಕು ಎನ್ನುತ್ತಾಳೆಯೇ? ಸ್ನಾನ ಮಾಡಿಸುವಾಗ ನೀರು ಸಾಕು ಎನ್ನುತ್ತಾಳೆಯೇ? ಸ್ವಲ್ಪ ಗಮನಿಸಿ ನೋಡು.

ನರ್ಸಮ್ಮನಿಗೆ ಹೇಳು, ಬೆಡ್‌ಶೀಟ್ ಒಗೆಯುವವರಿಗೆ ಚೌಕ ಕೇಳಿದೆ, ಮೀಟಿಂಗಿನಲ್ಲಿ ಯಾರೂ ನಗಲಿಲ್ಲ.

ನಿನ್ನ ಅಕ್ಕ


ಮಾರ್ಚ್ 21

ಅಕ್ಕ,

ನೀನು ಕೇಳಿದ್ದನ್ನು ಗಮನಿಸಿದೆ. ಎಲ್ಲೂ ಇಲ್ಲ. ಸ್ನಾನದಲ್ಲಿ ಕಣ್ಣಿಗೆ ಸೋಪು ಹೋದರೂ ಸಾಕು ಎನ್ನುವುದಿಲ್ಲ. ಪಾರ್ಕಿನಲ್ಲಿ ಉಯ್ಯಾಲೆ ತೂಗಿದರೆ ನನ್ನ ಕೈ ಸೋಲುವವರೆಗೂ ಕೂತಿರುತ್ತಾಳೆ, ಇಳಿದ ಮೇಲೆ ತಲೆ ಸುತ್ತಿ ನೆಲಕ್ಕೆ ಕೂರುತ್ತಾಳೆ.

ಈ ತಿಂಗಳು ಚೆನ್ನಾಗಿರಲಿಲ್ಲ. ನರ್ಸಮ್ಮನ ವಾರ್ಡಿನಲ್ಲಿ ಇಬ್ಬರು ರಜೆ ಹಾಕಿದ್ದಾರೆ, ಇವಳಿಗೆ ಎರಡೆರಡು ಪಾಳಿ. ಮನೆಗೆ ಬಂದು ಶೂ ಬಿಚ್ಚುವ ಮೊದಲೇ ಸೋಫಾದ ಮೇಲೆ ಒರಗಿ ನಿದ್ದೆ ಹೋಗುತ್ತಾಳೆ. ಅಂಗಡಿಗೆ ಬಟಾಣಿಯನ್ನು ಕರೆದುಕೊಂಡು ಹೋಗುತ್ತೇನೆ. ಕಳೆದ ವಾರ ಯಾರೋ ಪ್ರೀತಿಯಿಂದ ಬಿಸ್ಕತ್ತಿನ ಪೊಟ್ಟಣ ಕೊಟ್ಟರು. ನಾನು ಒಬ್ಬರ ಕಣ್ಣು ಪರೀಕ್ಷೆ ಮುಗಿಸುವಷ್ಟರಲ್ಲಿ ಪೊಟ್ಟಣ ಖಾಲಿ. ಆಮೇಲೆ ಗಾಜಿನ ಕಪಾಟಿನ ಮುಂದೆಯೇ, ಗಿರಾಕಿಯ ಕಾಲ ಮೇಲೆ, ಎಲ್ಲ ಹೊರಗೆ ಬಂತು.

ಆ ದಿನ ಮನೆಗೆ ಬಂದು ನಾವಿಬ್ಬರೂ ಜಗಳವಾಡಿದೆವು. ಯಾರು ತೊಳೆಯಬೇಕು, ಯಾರು ಎಷ್ಟು ತೊಳೆದಿದ್ದಾರೆ ಎಂದು. ನಾಚಿಕೆಗೇಡಿನ ಜಗಳ. ನಾನು ಜೋರಾಗಿ "ಸಾಕಾಗಿ ಹೋಗಿದೆ ನಂಗೆ" ಎಂದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಬಟಾಣಿ. ತಿರುಗಿ ಒಳಗೆ ಹೋದಳು. ಸ್ವಲ್ಪ ಹೊತ್ತಾದ ಮೇಲೆ ಅಡುಗೆಮನೆಗೆ ಹೋದರೆ ಸ್ಟೂಲು ಹತ್ತಿ ನಿಂತು, ಪಾತ್ರೆಯಲ್ಲಿ ಉಳಿದ ತಣ್ಣನೆಯ ಆಲೂಗಡ್ಡೆಯನ್ನು ಎರಡೂ ಕೈಯಲ್ಲಿ ಬಾಯಿಗೆ ತುರುಕಿಕೊಳ್ಳುತ್ತಿದ್ದಳು. ಕಣ್ಣಲ್ಲಿ ನೀರು, ಬಾಯಿ ಮಾತ್ರ ನಿಲ್ಲಿಸಿರಲಿಲ್ಲ. ನಾನು ಕೈಯಿಂದ ಕಿತ್ತುಕೊಂಡೆ. ಬೈದೆ ಕೂಡ.

ನಮ್ಮ ಕೈಲಿ ಆಗುತ್ತಿಲ್ಲ ಅಕ್ಕ. ಅವಳು ಕೆಟ್ಟ ಮಗು ಅಲ್ಲ, ಅದನ್ನು ನಾನು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಆದರೆ ನಾವು ಸೋತಿದ್ದೇವೆ. ನಿನ್ನ ಆಫೀಸಿನಲ್ಲಿ ಡಾಕ್ಟರುಗಳಿದ್ದಾರೆ, ಓದಿಕೊಂಡವರಿದ್ದಾರೆ. ರಜೆ ಶುರುವಾದ ಕೂಡಲೇ ಬಂದು ಕರೆದುಕೊಂಡು ಹೋಗು. ನರ್ಸಮ್ಮನಿಗೆ ಓದಿ ಹೇಳಿದೆ, ಅವಳು ಎದ್ದು ಹೋಗಿ ಬಟಾಣಿಯ ಹೊದಿಕೆ ಸರಿಮಾಡಿದಳು.

ನಿನ್ನ ತಮ್ಮ


ಏಪ್ರಿಲ್ 8

ತಮ್ಮ,

ನಿನ್ನ ಕಾಗದ ಬಂದ ವಾರದ ಭಾನುವಾರ ನಾನು ಬಸ್ಸು ಹತ್ತಿ ಬಟಾಣಿಯ ಸೋದರತ್ತೆಯ ಮನೆಗೆ ಹೋದೆ. ಮಗು ಅಲ್ಲಿದ್ದಾಗ ಹೇಗೆ ಊಟ ಮಾಡುತ್ತಿತ್ತು ಎಂದು ಕೇಳಬೇಕಿತ್ತು. ಆಕೆ ಹೇರ್ ಸಲೂನಿನಲ್ಲಿ ಕೆಲಸ ಮಾಡುವವಳು, ಆ ದಿನವೂ ಬಾತುಕೊಂಡ ಕಾಲನ್ನು ಮಂಚದ ಮೇಲಿಟ್ಟು ಕೂತಿದ್ದಳು. ಕೆಟ್ಟವಳಲ್ಲ. ನಮ್ಮೆಲ್ಲರ ಹಾಗೆ ದಣಿದವಳು.

"ಮೊದಮೊದಲು ಎಲ್ಲಾ ಮಕ್ಕಳ ಥರಾನೇ ತಿಂತಿತ್ತು. ಎರಡು ತುತ್ತಿಗೇ ಸಾಕು, ಸಾಕು ಅಂತ ಓಡ್ತಿತ್ತು. ನಾನೇ ಹಿಂದೆ ಬಿದ್ದು ತಿನ್ನಿಸ್ತಿದ್ದೆ" ಎಂದಳು. ಕಳಿಸುವಾಗ ಮಗುವಿಗೆ ಏನು ಹೇಳಿದಿರಿ ಎಂದು ಕೇಳಿದೆ. "ಮಗೂಗೆ ಒಂದು ಮಾತೂ ಅಂದಿಲ್ಲ ಅಕ್ಕಾ. ನಮ್ಮನೆಯವ್ರ ಹತ್ರ, ಸಾಕಪ್ಪಾ ಸಾಕು, ಇನ್ನು ನನ್ನ ಕೈಲಿ ಆಗಲ್ಲ ಅಂದೆ, ಅಷ್ಟೇ. ಮಾರನೇ ದಿನ ನಿಮ್ಮ ತಮ್ಮನ ಮನೆಗೆ ಬಿಟ್ಟು ಬಂದ್ವಿ. ನಮ್ಮಮ್ಮನೂ ಹಂಗೇ ಅಂದೇ ನನ್ನ ಹತ್ರ ಬಿಟ್ಟಿದ್ದು."

ಬಸ್ಸಿನಲ್ಲಿ ವಾಪಸ್ ಬರುವಾಗ ಅರ್ಥವಾಯಿತು. ನಮಗೆ ಅದು ಊಟದ ಕೊನೆಗೆ ಆಡುವ ಮಾತು. ಬಟಾಣಿ ತಿಳಿದುಕೊಂಡಿರುವುದೇ ಬೇರೆ. ದೊಡ್ಡವರು ಸಾಕು ಎಂದರೆ ಮಾರನೇ ದಿನ ಮನೆ ಬದಲಾಗುತ್ತದೆ. ಎರಡು ಸಲ ಹಾಗೇ ಆಗಿದೆ. ಅದಕ್ಕೇ ಅವಳು ಆ ಪದ ಬಾಯಿಗೆ ತರುವುದಿಲ್ಲ, ಹೊಟ್ಟೆ ಬಿರಿದರೂ. ನೀನು ಜಗಳದಲ್ಲಿ ಅಂದದ್ದು ಅವಳ ಕಿವಿಗೆ ಬಿದ್ದಾಗ ಅವಳು ಆಲೂಗಡ್ಡೆ ತಿಂದಳಲ್ಲ, ಅದು ಹಸಿವಲ್ಲ. ತನ್ನಿಂದಾದಷ್ಟು ಒಳ್ಳೆಯ ಮಗುವಾಗಿ ತೋರಿಸಿಕೊಳ್ಳುತ್ತಿದ್ದಳು.

ನಿನ್ನ ಮೇಲೆ ತಪ್ಪು ಹೊರಿಸಲು ಬರೆಯುತ್ತಿಲ್ಲ. ನಾವೆಲ್ಲ ದಿನಕ್ಕೆ ಎಷ್ಟು ಸಲ ಆ ಮಾತು ಆಡುತ್ತೇವೆ. ಕೊಟ್ಟ ಮಾತಿಗೆ ನಾನು ತಪ್ಪುವುದಿಲ್ಲ, ಬರುತ್ತೇನೆ. ರಜೆಗೆ ಅರ್ಜಿಯನ್ನೂ ಬರೆದಿಟ್ಟಿದ್ದೇನೆ. ಆದರೆ ಇದನ್ನು ತಿಳಿದುಕೊಂಡೇ ನಿರ್ಧಾರ ಮಾಡು: ನನ್ನದು ಅವಳಿಗೆ ನಾಲ್ಕನೇ ಮನೆ. ನಾನು ಎಷ್ಟೇ ಓದಿಕೊಂಡವಳಾಗಿರಲಿ, ಅಲ್ಲಿಯೂ ಅವಳು ಮೊದಲು ಮಾಡುವುದು ತಟ್ಟೆ ಖಾಲಿ ಮಾಡುವುದನ್ನೇ.

ನಿನ್ನ ಅಕ್ಕ


ಏಪ್ರಿಲ್ 19

ಅಕ್ಕ,

ಓದಿದೆವು. ನರ್ಸಮ್ಮ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ನಾನು ಅಂಗಡಿಯಲ್ಲಿ ಒಬ್ಬರ ಕನ್ನಡಕಕ್ಕೆ ಎಡಗಣ್ಣಿನ ಗಾಜನ್ನು ಬಲಗಣ್ಣಿಗೆ ಕೂರಿಸಿದೆ.

ಆ ಪದವನ್ನು ಮನೆಯಲ್ಲಿ ಆಡುವುದೇ ಬೇಡ ಎಂದು ಮೊದಲು ಅಂದುಕೊಂಡೆವು. ಆಗುತ್ತದೆಯೇ? ಹಾಲಿನವನಿಗೆ ಎಷ್ಟು ಸಾಕು, ಟೀಗೆ ಸಕ್ಕರೆ ಎಷ್ಟು ಸಾಕು, ಟಿವಿ ಸಾಕು, ಎಲ್ಲದಕ್ಕೂ ಅದೇ. ಆಮೇಲೆ ಉಲ್ಟಾ ಮಾಡಿದೆವು. ಈಗ ಊಟಕ್ಕೆ ಕೂತಾಗ ನಾವಿಬ್ಬರೂ ಸರದಿಯ ಮೇಲೆ ಸಾಕು ಎನ್ನುತ್ತೇವೆ. ತಟ್ಟೆಯಲ್ಲಿ ಸ್ವಲ್ಪ ಬಿಡುತ್ತೇವೆ, ಎದ್ದು ಹೋಗದೆ ಅಲ್ಲೇ ಕೂತು ಮಾತಾಡುತ್ತೇವೆ. ಅವಳು ಒಮ್ಮೆ ನನ್ನನ್ನು, ಒಮ್ಮೆ ನರ್ಸಮ್ಮನನ್ನು, ಒಮ್ಮೆ ಬಾಗಿಲನ್ನು ನೋಡುತ್ತಾಳೆ. ನಮ್ಮಲ್ಲಿ ಯಾರನ್ನು ಯಾವಾಗ ಕಳಿಸುತ್ತಾರೋ ಎಂದು ಕಾಯುವ ಹಾಗೆ.

ಮೊನ್ನೆ ಮೆಟ್ಟಿಲಲ್ಲಿ ಮೇಲಿನ ಮಹಡಿಯ ಹೆಂಗಸು ಸಿಕ್ಕಿ, "ಓ, ಇವಳೇನಾ ನಿಮ್ಮ ಸಾಕುಮಗಳು?" ಎಂದು ಕೆನ್ನೆ ಹಿಂಡಿದರು. ನಾನು ಹೌದು ಎಂದೆ. ಇನ್ನೇನು ಅನ್ನಲಿ? ಬಾಗಿಲ ಬೀಗ ತೆಗೆಯುವಾಗ ಕೆಳಗಿನಿಂದ ಸಣ್ಣ ದನಿ ಬಂತು. "ಮಾವ, ನಾನು ಯಾವ ಸಾಕು?"

ಬೀಗ ಸಿಕ್ಕಿಹಾಕಿಕೊಂಡ ಹಾಗೆ ನಟಿಸಿದೆ. ನೀನು ಪ್ರಶ್ನೆ ಬರೆಯುವವಳು, ಇದಕ್ಕೊಂದು ಉತ್ತರ ಹುಡುಕಿ ಕಳಿಸು.

ತಮ್ಮ


ಮೇ 4

ಪ್ರೀತಿಯ ತಮ್ಮ,

ಉತ್ತರ ನನಗೂ ಸಿಕ್ಕಿಲ್ಲ. ಅದಕ್ಕೇ ಇಷ್ಟು ದಿನ ಬರೆಯಲಿಲ್ಲ.

ಆಫೀಸಿನಲ್ಲಿ ಒಂದಿಷ್ಟು ಗುದ್ದಾಡಿದೆ. ಖಾಲಿ ತಟ್ಟೆಗೆ ಅಂಕ ಕೊಡುವುದನ್ನು ತೆಗೆಸಿದೆ. ಹನ್ನೊಂದನೇ ಪ್ರಶ್ನೆಯನ್ನು 'ಹೊಟ್ಟೆ ತುಂಬಿದ್ದನ್ನು ಮಗು ನಿಮಗೆ ಹೇಗೆ ತಿಳಿಸುತ್ತದೆ?' ಎಂದು ತಿದ್ದಿ, ಕೆಳಗೆ ಎರಡು ಗೆರೆ ಜಾಗ ಬಿಟ್ಟೆ. "ಗೆರೆಯನ್ನ ಎಣಿಸೋದು ಹೇಗ್ರೀ?" ಎಂದರು ಅಂಕಿಅಂಶದವರು. ಎಣಿಸಬೇಡಿ, ಓದಿ ಎಂದೆ. ಡಯಟಿಷಿಯನ್ ಮೊದಲ ಸಲ ನನ್ನ ಪಕ್ಷ ವಹಿಸಿದರು. ಅವರ ಮೊಮ್ಮಗ ಸಾಕಾದಾಗ ಚಮಚವನ್ನು ಅವರ ಬಾಯಿಗೇ ಹಿಡಿಯುತ್ತಾನಂತೆ. ಗೆರೆಗಳು ಉಳಿದವು, ನಾನು ಗೆದ್ದೆ ಎಂದೇನೂ ಅನ್ನಿಸುತ್ತಿಲ್ಲ. ಇನ್ನೂ ಇಪ್ಪತ್ತೊಂದು ಪ್ರಶ್ನೆಗಳಿವೆ, ಎಲ್ಲದರ ಮೇಲೂ ಈಗ ಅನುಮಾನ.

ನನ್ನ ರಜೆ ಮಂಜೂರಾಗಿದೆ. ಚಿಕ್ಕ ಕೋಣೆಯಿಂದ ಹಳೇ ಫೈಲುಗಳನ್ನು ತೆಗೆದೆ, ಒಂದು ಮಂಚ ಹಿಡಿಸುತ್ತದೆ. ಈ ತಿಂಗಳ ಕೊನೆಗೆ ಬರಲೋ ಬೇಡವೋ, ಒಂದು ಮಾತು ಬರೆ. ಬಾ ಎಂದರೂ ನಿನ್ನ ಮೇಲೆ ಕೋಪವಿಲ್ಲ. ಅವಳು ನಡುವಿನವಳ ಮಗಳು, ನಮ್ಮಿಬ್ಬರಿಗೂ ಸೇರಿದವಳು.

ನಿನ್ನ ಅಕ್ಕ


ಮೇ 20

ಅಕ್ಕ,

ಇವತ್ತು ಅಂಗಡಿ ತೆರೆದಿಲ್ಲ. ಆಗಿದ್ದನ್ನು ಆದ ಹಾಗೇ ಬರೆಯುತ್ತೇನೆ.

ನಿನ್ನೆ ನರ್ಸಮ್ಮನಿಗೆ ರಜೆ. ಮಧ್ಯಾಹ್ನ ಮೂವರೂ ಊಟಕ್ಕೆ ಕೂತಿದ್ದೆವು. ಬಟಾಣಿ ಅರ್ಧ ತಿಂದು ಚಮಚ ಕೆಳಗಿಟ್ಟಳು. ತಟ್ಟೆಯಲ್ಲಿ ಇನ್ನೂ ಮೊಟ್ಟೆ ಇತ್ತು. ತಲೆ ಬಗ್ಗಿಸಿಕೊಂಡು, ತಟ್ಟೆಗೇ ಹೇಳುವ ಹಾಗೆ, "ಸಾಕು" ಎಂದಳು.

ನಾವು ಗಾಬರಿ ತೋರಿಸಲಿಲ್ಲ. ನಾನು ನೀರು ಕುಡಿದೆ, ನರ್ಸಮ್ಮ ಬ್ರೆಡ್ಡು ಮುರಿದಳು. ನನಗೆ ಒಳಗೊಳಗೇ ಎಷ್ಟು ಸಂತೋಷವಾಯಿತೆಂದರೆ, ನಿನಗೆ ಫೋನು ಮಾಡಿ ಜಗಳವಾಡೋಣ ಅನ್ನಿಸಿತು. ಅವಳು ಕುರ್ಚಿಯಿಂದ ಇಳಿದು ಕೋಣೆಗೆ ಹೋದಳು. ಆಡಲು ಹೋದಳು ಎಂದುಕೊಂಡೆ. ಬಂದಾಗ ಬೆನ್ನಿಗೆ ಚೀಲ, ಕಾಲಿಗೆ ಶೂ. ಹೊರಬಾಗಿಲ ಹತ್ತಿರ ಹೋಗಿ, ಚೀಲ ತೊಡೆಯ ಮೇಲಿಟ್ಟುಕೊಂಡು ನೆಲದ ಮೇಲೆ ಕೂತಳು.

ನನಗೆ ತಕ್ಷಣ ತಿಳಿಯಲಿಲ್ಲ. ನರ್ಸಮ್ಮನಿಗೆ ತಿಳಿಯಿತು. ಎಂಜಲು ಕೈಯಲ್ಲೇ ಹೋಗಿ ಪಕ್ಕದಲ್ಲಿ ಕೂತಳು.

"ಎಲ್ಲಿಗೆ ಹೊರಟ್ಯೇ?"

"ಗೊತ್ತಿಲ್ಲ. ಯಾರ ಮನೆ ಅಂತ ನೀವೇ ಹೇಳ್ಬೇಕು."

"ಯಾರ ಮನೇನೂ ಇಲ್ಲ. ನಿನ್ನ ಹೊಟ್ಟೆಗೆ ಊಟ ಸಾಕಾಯ್ತು, ಅಷ್ಟೇ. ನೀನು ನಮಗೆ ಸಾಕಾಗಿಲ್ಲ ಕಣೇ."

ಬಟಾಣಿ ಅವಳ ಎಂಜಲು ಕೈಯನ್ನು ನೋಡಿದಳು. "ಯಾವಾಗ ಸಾಕಾಗ್ತೀನಿ?" ಎಂದಳು.

ವಾರ್ಡಿನಲ್ಲಿ ಎಂಥೆಂಥವರಿಗೋ ಸಮಾಧಾನ ಹೇಳುವ ನರ್ಸಮ್ಮ ನನ್ನ ಕಡೆ ತಿರುಗಿದಳು. ನಾನು ಮೇಜಿನ ಹತ್ತಿರದಿಂದಲೇ "ಆಗಲ್ಲ" ಎಂದೆ. ಇನ್ನೊಮ್ಮೆ ಹೇಳಿದೆ.

ಅವಳು ನಂಬಲಿಲ್ಲ. ಯಾಕೆ ನಂಬಬೇಕು? ಅಲ್ಲೇ ಕೂತಳು. ಬಾ ಎಂದು ಎಳೆಯಲು ಮನಸ್ಸು ಬರಲಿಲ್ಲ, ಅಲ್ಲೇ ಬಿಡಲೂ ಆಗಲಿಲ್ಲ. ನಾನೂ ಹೋಗಿ ಆ ಕಡೆ ಕೂತೆ. ಮೇಜಿನ ಮೇಲೆ ತಟ್ಟೆಗಳು ಒಣಗಿದವು. ಮೆಟ್ಟಿಲಲ್ಲಿ ಹೆಜ್ಜೆ ಸದ್ದಾದಾಗಲೆಲ್ಲ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು, ಸದ್ದು ಮುಂದೆ ಹೋದ ಮೇಲೆ ಸಡಿಲ ಬಿಡುತ್ತಿದ್ದಳು. ಬಿಸಿಲು ಕಿಟಕಿಯಿಂದ ಹೋಯಿತು. ನರ್ಸಮ್ಮ ಗೋಡೆಗೆ ತಲೆ ಆನಿಸಿ ತೂಕಡಿಸಿದಳು. ಯಾರೂ ಬರಲಿಲ್ಲ, ಯಾರೂ ಹೋಗಲಿಲ್ಲ. ಕತ್ತಲಾಗುವ ಹೊತ್ತಿಗೆ ಅವಳೇ ಬಗ್ಗಿ ಒಂದು ಶೂ ಬಿಚ್ಚಿದಳು. ಇನ್ನೊಂದನ್ನು ಹಾಕಿಕೊಂಡೇ ನನ್ನ ತೊಡೆಯ ಮೇಲೆ ನಿದ್ದೆ ಹೋದಳು.

ಇವತ್ತು ಬೆಳಿಗ್ಗೆ ಎದ್ದು ಮನೆಯನ್ನೆಲ್ಲ ಒಂದು ಸುತ್ತು ನೋಡಿ ಬಂದಳು. ತಿಂಡಿಗೆ ಕೂತು ಒಂದೇ ತುತ್ತಿಗೆ ಸಾಕು ಎಂದು ನಮ್ಮಿಬ್ಬರ ಮುಖ ನೋಡಿದಳು. ಸರಿ ಎಂದೆವು. ಆಮೇಲೆ ಹಾಲಿಗೂ ಸಾಕು, ಬಾಳೆಹಣ್ಣಿಗೂ ಸಾಕು. ಶೂ ಮಾತ್ರ ಪ್ರತಿ ಸಲವೂ ಹತ್ತಿರ ಇಟ್ಟುಕೊಳ್ಳುತ್ತಾಳೆ. ಇನ್ನೂ ಎಷ್ಟು ದಿನ ಹೀಗೆ ಪರೀಕ್ಷೆ ಮಾಡುತ್ತಾಳೋ. ನಮ್ಮ ಸುಸ್ತೇನೂ ಕಡಿಮೆಯಾಗಿಲ್ಲ ಅಕ್ಕ, ಸುಳ್ಳು ಹೇಳುವುದಿಲ್ಲ. ಬೆನ್ನು ನೋಯುತ್ತಿದೆ, ಪಾತ್ರೆಗಳು ಸಿಂಕಿನಲ್ಲೇ ಇವೆ, ನರ್ಸಮ್ಮ ಸಂಜೆ ಪಾಳಿಗೆ ಹೋಗಬೇಕು.

ರಜೆ ಹಾಳು ಮಾಡಿಕೊಳ್ಳಬೇಡ, ಈ ತಿಂಗಳ ಕೊನೆಗೆ ಬಾ. ಒಬ್ಬಳೇ ಬಾ, ಒಬ್ಬಳೇ ವಾಪಸ್ ಹೋಗು.

ನಿನ್ನ ತಮ್ಮ